ಬಿದ್ದವರ ಹೆಸರು ದಾಟಿಸಿದ ಹುಲಿಗೆವ್ವ

ಬಹಳ ಹಿಂದೆ, ಎಷ್ಟು ಹಿಂದೆ ಅಂತ ನನ್ನ ಅಜ್ಜಿಗೂ ಗೊತ್ತಿರಲಿಲ್ಲ, ಅವಳ ಅಜ್ಜಿಗೂ ಗೊತ್ತಿರಲಿಲ್ಲ, ಹೊಳೆ ದಂಡೆಯ ಒಂದು ಊರಿನಲ್ಲಿ ಹುಲಿಗೆವ್ವ ಅಂತ ಒಬ್ಬ ಹೆಣ್ಣುಮಗಳು ಇದ್ದಳಂತೆ. ಊರಿನ ಹೆಸರು ನೀರಗೊಂದಿ. ಇನ್ನೊಂಚೂರು ಹತ್ತಿರ ಬಂದು ಕೂತುಕೊಳ್ಳಿ, ನನ್ನ ದನಿ ಈಗ ದೂರ ಹೋಗುವುದಿಲ್ಲ.

ಅಂಬಿಗರ ಮನೆತನ ಅವಳದು. ತಾಯಿ ತೀರಿಕೊಂಡಾಗ ಹುಲಿಗೆವ್ವನಿಗೆ ಹನ್ನೆರಡು ವರ್ಷ, ತಮ್ಮ ಯಮನೂರಪ್ಪ ಇನ್ನೂ ಅಂಬೆಗಾಲಿಡುವ ಕೂಸು. ಮುಂದೆ ಎರಡು ವರ್ಷಕ್ಕೆ ತಂದೆಯನ್ನು ಹೊಳೆಯ ಸುಳಿ ಎಳೆದುಕೊಂಡಿತು. ಹರಿಗೋಲು ಅವಳ ಕೈಗೆ ಬಂತು, ತಮ್ಮ ಅವಳ ಸೊಂಟಕ್ಕೆ ಬಂದ. ಒಂದು ಕೈಯಲ್ಲಿ ಹುಟ್ಟು ಹಾಕುತ್ತಾ ಇನ್ನೊಂದು ಕೈಯಲ್ಲಿ ಕೂಸನ್ನು ತಟ್ಟುತ್ತಾ ಜನರನ್ನು ದಾಟಿಸುತ್ತಿದ್ದಳಂತೆ. ಮದುವೆಯ ಮಾತು ಬಂದಾಗೆಲ್ಲ ತಮ್ಮ ದೊಡ್ಡವನಾಗಲಿ ಅಂದಳು. ತಮ್ಮ ದೊಡ್ಡವನಾಗುವಷ್ಟರಲ್ಲಿ ಜನ ಕೇಳುವುದನ್ನೇ ಬಿಟ್ಟಿದ್ದರು. ಅದಕ್ಕೆ ಅವಳು ಮರುಗಿದ್ದನ್ನು ಯಾರೂ ಕಂಡಿಲ್ಲ.

ಆ ಕಾಲಕ್ಕೆ ಈ ದಂಡೆ ಕರಿಗುಡ್ಡದ ದೊರೆಯದು, ಆ ದಂಡೆ ಹಿರೇಗಡದ ದೊರೆಯದು. ಹೊಳೆ ಇಳಿದಾಗ ನಡುವೆ ಒಂದು ಗಡ್ಡೆ ಮೇಲೇಳುತ್ತಿತ್ತು. ಅದರ ಮೇಲೆ ಹಸಿರು ಹುಲ್ಲು. ಕುದುರೆಗಳಿಗೆ ಆ ಹುಲ್ಲು ಬಹಳ ಸೇರುತ್ತಿತ್ತಂತೆ. ಆ ಹುಲ್ಲಿಗಾಗಿಯೇ ಎರಡು ದಂಡು ಬಡಿದಾಡಿದವು ಅಂತಾರೆ. ಬೇರೆ ಕಾರಣವೂ ಇದ್ದಿರಬಹುದು. ನಮ್ಮವರಿಗೆ ಕಂಡಿದ್ದು ಹುಲ್ಲೇ.

ಒಂದು ಬೇಸಿಗೆ ಕರಿಗುಡ್ಡದ ದಂಡು ನೀರಗೊಂದಿಗೆ ಬಂದು, ಹೊರೆ ಹೊರಲು ಆಳು ಬೇಕು ಅಂತ ಗಟ್ಟಿಮುಟ್ಟಾದ ಹರೆಯದವರನ್ನು ಹಿಡಿದೊಯ್ದಿತು. ಯಮನೂರಪ್ಪ ಹರಿಗೋಲಿನ ತೊಗಲಿಗೆ ಎಣ್ಣೆ ಸವರುತ್ತಾ ಕೂತಿದ್ದನಂತೆ. ಕೈ ತೊಳೆಯಲೂ ಬಿಡಲಿಲ್ಲ. ಅಕ್ಕ ಓಡಿ ಬಂದಾಗ ಅವನು ಆಗಲೇ ದಂಡಿನ ನಡುವೆ ಇದ್ದ. ತಿರುಗಿ ನೋಡಿ ಕೂಗಿದ: "ಯಕ್ಕಾ, ಎಣ್ಣಿ ಅರ್ಧ ಹಚ್ಚೀನಿ. ಇನ್ನರ್ಧ ನೀ ಹಚ್ಚು."

ಅಷ್ಟೇ. ಆಮೇಲೆ ಅವನ ದನಿಯನ್ನು ಅವಳು ಕೇಳಲಿಲ್ಲ.

ಗಡ್ಡೆಯ ಮೇಲೆ ಎರಡು ದಿನ ಕಾಳಗ ನಡೆಯಿತು. ಹೋದವರಲ್ಲಿ ಕೆಲವರು ತಿರುಗಿ ಬಂದರು. ಹುಲಿಗೆವ್ವ ಒಬ್ಬೊಬ್ಬರನ್ನೂ ಕೇಳಿದಳು. ಅವನು ಬಿದ್ದಿದ್ದನ್ನು ಕಂಡೆ ಅಂದ ಒಬ್ಬ. ಕೈಕಟ್ಟಿ ಒಯ್ಯುತ್ತಿದ್ದರು ಅಂದ ಇನ್ನೊಬ್ಬ. ನೀರಿಗೆ ಹಾರಿ ಈಜಿದ ಅಂದ ಮೂರನೆಯವನು. ಮೂರು ಬಾಯಿ, ಮೂರು ಮಾತು. ಸತ್ತ ಅಂದಿದ್ದರೆ ಅತ್ತು ಮುಗಿಸುತ್ತಿದ್ದಳೋ ಏನೋ. ಬದುಕಿದ್ದಾನೆ ಅಂದಿದ್ದರೆ ಕಾಯುತ್ತಿದ್ದಳು. ಅಳಲೂ ಆಗದೆ ಕಾಯಲೂ ಆಗದೆ ಅವಳು ಹರಿಗೋಲು ನೂಕಿಕೊಂಡು ಗಡ್ಡೆಗೆ ಹೊರಟಳು.

ಅಲ್ಲಿ ಹದ್ದುಗಳು ಇಳಿದಿದ್ದವಂತೆ. ಬೋರಲು ಬಿದ್ದವರನ್ನು ಒಬ್ಬೊಬ್ಬರನ್ನಾಗಿ ಹೊರಳಿಸುತ್ತಾ ಹೋದಳು. ಯಮನೂರಪ್ಪನ ಎಡಹುಬ್ಬಿನ ಮೇಲೆ ಚಿಕ್ಕಂದಿನ ಒಂದು ಗಾಯದ ಗೆರೆ ಇತ್ತು. ಅದನ್ನು ಹುಡುಕಿದಳು. ಒಂದು ಮುಖ ಹೊರಳಿಸಿದರೆ ಅವನಲ್ಲ. ಇನ್ನೊಂದು ಹೊರಳಿಸಿದರೆ ಅವನಲ್ಲ. ಹೀಗೆ ಹೊರಳಿಸಿದ ಒಂದು ಮುಖ ಕಣ್ಣು ತೆರೆಯಿತು. ತೊಡೆಗೆ ಈಟಿ ಹೊಕ್ಕಿದ್ದ ಆಳು, ಆ ದಂಡೆಯವನು. ನೀರು ಬೇಡಿದ. ಹುಲಿಗೆವ್ವ ಅವನ ಹುಬ್ಬು ನೋಡಿದಳು, ತನ್ನವನಲ್ಲ. ಆದರೆ ಕಣ್ಣು ತೆರೆದವನನ್ನು ಮತ್ತೆ ಬೋರಲು ಹಾಕಿ ಹೋಗುವುದು ಹೇಗೆ? ಬೊಗಸೆಯಲ್ಲಿ ನೀರು ತಂದಳು. ಮನೆಯಿಂದ ಅರಿಶಿನ ತಂದಿದ್ದಳು, ತಮ್ಮನಿಗೆ ಗಾಯವಾಗಿದ್ದರೆ ಬೇಕಾಗುತ್ತದೆ ಅಂತ. ಅದನ್ನು ತೊಡೆಗೆ ಮೆತ್ತಿ, ಸೀರೆಯ ಸೆರಗು ಹರಿದು ಕಟ್ಟಿದಳು. ಅವನು ತನ್ನ ಹೆಸರು ತಿರಕಪ್ಪ ಅಂತ, ತಾಯಿಯ ಹೆಸರು ಬಾಳವ್ವ ಅಂತ, ತಾನು ಸತ್ತರೆ ಅವಳಿಗೆ ಒಂದು ಮಾತು ತಿಳಿಸಬೇಕು ಅಂತ ಹೇಳಿದ. ಅವನನ್ನು ಹರಿಗೋಲಿನಲ್ಲಿ ಮಲಗಿಸಿಕೊಂಡು ಹೊಳೆಗಿಳಿದಳು.

ಆ ದಂಡೆಯತ್ತ ಸುಳಿ ಹೆಚ್ಚಿತ್ತು. ಹರಿಗೋಲು ಈ ದಂಡೆಗೇ ತಿರುಗಿ ಬಂತು. ಇಲ್ಲಿ ಕರಿಗುಡ್ಡದ ನಾಯಕ ಗಾದಿಲಿಂಗನಾಯಕ ನಿಂತಿದ್ದ. ವೈರಿಯ ಆಳನ್ನು ಕಂಡವನೇ ಕತ್ತಿ ಹಿರಿದ. ಹುಲಿಗೆವ್ವ ನಡುವೆ ನಿಂತಳಂತೆ.

"ಕೈಯಾಗ ಈಟಿ ಇದ್ದಾಗ ಇವ ನಿಮ್ಮ ವೈರಿ, ನಾಯಕರ. ಈಗ ಇವನ ಕೈಯಾಗ ಏನೈತಿ, ನೋಡ್ರಿ."

ನಾಯಕ ನೋಡಿದ. ತಿರಕಪ್ಪನ ಕೈಯಲ್ಲಿ ಅವಳ ಸೆರಗಿನ ತುದಿ ಇತ್ತು. ಎಳೆಯ ಮಕ್ಕಳು ಹಿಡಿದ ಹಾಗೆ ಹಿಡಿದುಕೊಂಡಿದ್ದ.

ನಾಯಕನ ಮನೆಯಲ್ಲೂ ಒಂದು ಸಂಕಟವಿತ್ತು. ಅವನ ಮಗ ಜಂಬಣ್ಣ ಕಾಳಗದಿಂದ ತಿರುಗಿ ಬಂದಿರಲಿಲ್ಲ. ಸೊಸೆ ಬಾಗಿಲಲ್ಲಿ ಕೂತು, ಕುಂಕುಮ ಇಡಲೋ ಒರೆಸಲೋ ಅಂತ ಬಂದವರನ್ನೆಲ್ಲ ಕೇಳುತ್ತಿದ್ದಳಂತೆ. ಇದು ಊರಿಗೇ ಗೊತ್ತಿತ್ತು. ಹುಲಿಗೆವ್ವ ಅದನ್ನೇ ಹೇಳಿದಳು. ಇವನನ್ನು ಜೀವಂತ ದಾಟಿಸಲು ಬಿಟ್ಟರೆ ಆ ದಂಡೆಯಲ್ಲಿ ನಿಮ್ಮ ಮಗನನ್ನು ಕೇಳಿ ಬರುತ್ತೇನೆ, ನನ್ನ ತಮ್ಮನನ್ನೂ ಕೇಳುತ್ತೇನೆ ಅಂದಳು. ನಾಯಕ ಕತ್ತಿ ಒರೆಗೆ ಹಾಕಿದ. ಅರಿಶಿನ ಹತ್ತಿದ ಸೆರಗಿನ ತುಂಡನ್ನು ಅವಳು ಬಿದಿರಿಗೆ ಕಟ್ಟಿ ಹರಿಗೋಲಿನಲ್ಲಿ ನಿಲ್ಲಿಸಿದಳು. ಬರುತ್ತಿರುವುದು ದಂಡಲ್ಲ ಅಂತ ದೂರದಿಂದಲೇ ತಿಳಿಯಲಿ ಅಂತ.

ಆ ದಂಡೆಯವರು ಬೇಹಿನವಳು ಅಂತ ಹಿಡಿದರು. ತಿರಕಪ್ಪ ಬಾಯಿ ಬಿಟ್ಟು ಎಲ್ಲ ಹೇಳಿದ. ಅವನ ತಾಯಿ ಬಾಳವ್ವ ಓಡಿ ಬಂದು ಮಗನನ್ನು ನೋಡಿ, ಆಮೇಲೆ ಹುಲಿಗೆವ್ವನ ಹರಿದ ಸೆರಗು ನೋಡಿ, ತನ್ನ ಮೈಮೇಲಿನ ಕಂಬಳಿ ತೆಗೆದು ಹೊದಿಸಿದಳಂತೆ. ಅವಳ ಮಾತಿಗೆ ಕಟ್ಟುಬಿದ್ದು ಹಿರೇಗಡದವರು ಸೆರೆಯಾಳುಗಳನ್ನು ತೋರಿಸಿದರು. ನೆಲದೊಳಗೆ ಜೋಳ ತುಂಬುವ ಹಗೇವು ಇರುತ್ತದಲ್ಲ, ಅಂಥ ಬರಿದಾದ ಹಗೇವಿನಲ್ಲಿ ಅವರನ್ನು ಇಳಿಸಿದ್ದರು. ಹುಲಿಗೆವ್ವ ಹಗೇವಿನ ಬಾಯಿಯ ಹತ್ತಿರ ಮಂಡಿಯೂರಿ ಕೂತು, ಯಮನೂರಾ ಅಂತ ಒಳಗೆ ಕೂಗಿದಳು. ಒಳಗಿನಿಂದ ಹದಿನೆಂಟು ದನಿ ಬಂತು, ಹದಿನೆಂಟು ಹೆಸರು ಬಂತು. ಅವನ ಹೆಸರು ಬರಲಿಲ್ಲ.

ಅಲ್ಲೇ ಬಿಟ್ಟು ಬರಬಹುದಿತ್ತು. ಬಂದ ಕೆಲಸ ಮುಗಿದಿತ್ತು. ಆದರೆ ಅವಳು ಹರಿಗೋಲಿನ ಹಗ್ಗ ತೆಗೆದುಕೊಂಡು, ಒಂದು ಹೆಸರಿಗೆ ಒಂದು ಗಂಟು ಹಾಕುತ್ತಾ ಹದಿನೆಂಟೂ ಜನರ ಮಾತು ಕೇಳಿಕೊಂಡಳು. ಎಮ್ಮೆ ಈಯಿತೇ ಅಂತ ಒಬ್ಬ. ಅವ್ವನ ಕಣ್ಣು ಹೇಗಿದೆ ಅಂತ ಒಬ್ಬ. ನಾನು ಇದ್ದೀನಿ ಅಂತಷ್ಟೇ ಹೇಳು ಅಂದವರೇ ಹೆಚ್ಚು. ಇವರಿಗೆ ದಿನಾ ಅನ್ನ ನೀರು ಕೊಡಬೇಕು, ಮೇಲೆ ತಂದು ಬಿಸಿಲು ಕಾಣಿಸಬೇಕು ಅಂತ ಬಾಳವ್ವನಿಂದ ಹೇಳಿಸಿದಳು. ಜಂಬಣ್ಣನನ್ನು ಕೇಳಿದಾಗ, ಅವನು ಸತ್ತ ಅಂತ ಹಗೇವಿನೊಳಗಿನಿಂದ ಒಬ್ಬ ಹೇಳಿದ.

ಈ ದಂಡೆಗೆ ಬಂದು ಹುಲಿಗೆವ್ವ ಮೊದಲು ನಾಯಕನ ಮನೆಗೇ ಹೋದಳು. ಹೆದರಿಕೆ ಇರಲಿಲ್ಲವೇ? ಇತ್ತಂತೆ. ಆದರೂ ಮಗ ತೀರಿಕೊಂಡ ಅಂತ ನೇರವಾಗಿ ಹೇಳಿದಳು. ಅವನ ಬೆಳ್ಳಿಯ ಉಡಿದಾರವನ್ನು ಅವನ ತಂದೆಯ ಕೈಯಲ್ಲಿಟ್ಟಳು. ಹಿರೇಗಡದವರು ಅದನ್ನು ತೆಗೆದಿರಿಸಿದ್ದರು. ನಾಯಕ ಕೇಳಿದ್ದು ಒಂದೇ: ಕಡೆಗೆ ಯಾರಾದರೂ ನೀರು ಬಿಟ್ಟರೇ ಅಂತ. ಬಿಟ್ಟರು, ಆ ದಂಡೆಯ ಒಬ್ಬ ಮುದುಕಿ ಬಿಟ್ಟಳು, ಗುಂಡಿ ತೋಡಿ ಮಣ್ಣೂ ಮಾಡಿದರು ಅಂದಳು. ಇದು ಹುಲಿಗೆವ್ವ ಕಟ್ಟಿದ ಸುಳ್ಳು ಅನ್ನುವವರೂ ಇದ್ದಾರೆ. ನಾನು ಒಪ್ಪುವುದಿಲ್ಲ. ಒಂದು ಸುಳ್ಳು ಹೇಳಿದ್ದರೆ ಉಳಿದ ಹದಿನೆಂಟು ಮನೆಯವರು ಅವಳ ಮಾತನ್ನು ಹೇಗೆ ನಂಬಬೇಕಿತ್ತು? ಅದು ಅವಳಿಗೆ ಗೊತ್ತಿತ್ತು.

ಸೊಸೆ ಒಳಗೆ ಹೋಗಿ ಕುಂಕುಮ ಒರೆಸಿಕೊಂಡು ಗಟ್ಟಿಯಾಗಿ ಅತ್ತಳು. ಎಷ್ಟೋ ದಿನದ ಮೇಲೆ ಅತ್ತಳು. ನಾಯಕ ಎದ್ದು ದೊರೆಯ ಹತ್ತಿರ ಹೋದ. ತಿರಕಪ್ಪ ಕುಂಟುತ್ತಾ ತನ್ನ ದೊರೆಯ ಹತ್ತಿರ ಹೋದ. ಹೀಗೆ ಎರಡೂ ಕಡೆ ಒಂದು ಕಟ್ಟು ಆಯಿತು. ಹುಲಿಗೆವ್ವನ ಕಟ್ಟು ಅಂತ ಅದಕ್ಕೆ ಹೆಸರು. ಕಾಳಗ ನಿಲ್ಲಲಿಲ್ಲ, ಅದನ್ನು ನಿಲ್ಲಿಸುವ ಶಕ್ತಿ ಅವಳಿಗೆಲ್ಲಿತ್ತು? ಆದರೆ ಬಿದ್ದವನಿಗೆ ಮತ್ತೆ ಹೊಡೆಯಬಾರದು, ಕೊಡ ಹಿಡಿದು ಹೊಳೆಗೆ ಬಂದವರ ಮೇಲೆ ಬಾಣ ಬಿಡಬಾರದು, ಸತ್ತವರನ್ನು ಹದ್ದಿಗೆ ಬಿಡಬಾರದು ಅಂತಾಯಿತು. ಸೆರೆ ಸಿಕ್ಕವನ ಹೆಸರು ಅವನ ಮನೆಗೆ ಮುಟ್ಟಬೇಕು. ಹಳದಿ ಬಟ್ಟೆಯ ಹರಿಗೋಲನ್ನು ಯಾರೂ ತಡೆಯಬಾರದು. ಕಟ್ಟು ಮುರಿದವರೂ ಇದ್ದರು. ಆದರೆ ಮುರಿದವನ ಮುಖವನ್ನು ಅವನ ಮನೆಯ ಹೆಂಗಸರೇ ನೋಡುತ್ತಿರಲಿಲ್ಲವಂತೆ.

ವರ್ಷ ವರ್ಷ ಹುಲಿಗೆವ್ವ ದಾಟುತ್ತಲೇ ಇದ್ದಳು. ಎಲ್ಲರ ಹೆಸರು ಕೇಳಿ, ಎಲ್ಲರ ಸುದ್ದಿ ಕೊಟ್ಟು, ಕೊನೆಗೆ ತನ್ನದು ಕೇಳುತ್ತಿದ್ದಳು. ಎಡಹುಬ್ಬಿನ ಮೇಲೆ ಗಾಯದ ಗೆರೆ ಇರುವ ಆಳು, ಯಮನೂರಪ್ಪ ಅಂತ, ಯಾರಾದರೂ ಕಂಡಿರಾ. ಯಾರೂ ಕಂಡಿರಲಿಲ್ಲ. ಸರಿ ಅಂದು ಹುಟ್ಟು ಹಿಡಿಯುತ್ತಿದ್ದಳು.

ಈಗ ಹೇಳುವುದು ಮುಖ್ಯವಾದದ್ದು. ಕರಿಗುಡ್ಡಕ್ಕೆ ಹೊಸ ದಳವಾಯಿ ಬಂದ. ಒಂದು ಮುಂಜಾನೆ ಹತ್ತು ಜನ ಕತ್ತಿಯವರನ್ನು ಕರೆದುಕೊಂಡು ಹೊಳೆ ದಂಡೆಗೆ ಬಂದ. ಇವರನ್ನು ಹಳದಿ ಬಟ್ಟೆಯ ಅಡಿಯಲ್ಲಿ ಗಾಯಾಳುಗಳ ಹಾಗೆ ಮಲಗಿಸಿ ದಾಟಿಸು ಅಂದ. ಆ ದಂಡೆಯವರು ತಡೆಯುವುದಿಲ್ಲ, ಇವರು ಕೋಟೆಯ ಬಾಗಿಲು ತೆರೆಯುತ್ತಾರೆ, ಅಷ್ಟಾದರೆ ಹಿರೇಗಡ ನಮ್ಮದು ಅಂದ. ಹುಲಿಗೆವ್ವ ಆಗುವುದಿಲ್ಲ ಅಂದಳು. ಆಗ ಅವನು ದನಿ ತಗ್ಗಿಸಿದ. ಕೋಟೆಯ ಒಳಗೆ ಯಾರಿಗೂ ತೋರಿಸದ ಇನ್ನೊಂದು ಹಗೇವು ಇದೆ, ಅದರಲ್ಲಿ ಹಳೆಯ ಸೆರೆಯಾಳುಗಳಿದ್ದಾರೆ ಅಂತ ಕೇಳಿದ್ದೇನೆ, ಕೋಟೆ ಬಿದ್ದರೆ ಅದನ್ನೂ ತೆಗೆಸುತ್ತೇನೆ, ನಿನ್ನ ತಮ್ಮ ಅಲ್ಲೇ ಇರಬಹುದು ಅಂದ.

ಹುಲಿಗೆವ್ವ ಹರಿಗೋಲಿನ ಅಂಚು ಹಿಡಿದು ನಿಂತಳು. ಎಷ್ಟು ಹೊತ್ತು ನಿಂತಳು ಅಂತ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ದಂಡೆಯ ಬಟ್ಟೆ ಒಗೆಯುವ ಬಂಡೆಗಳ ಮೇಲೆ ಬಿಸಿಲು ಬರುವವರೆಗೂ ನಿಂತಿದ್ದಳು ಅಂತ ನನ್ನ ಅಜ್ಜಿ ಹೇಳುತ್ತಿದ್ದಳು. ಆ ದಂಡೆಯನ್ನೇ ನೋಡುತ್ತಿದ್ದಳಂತೆ. ಒಂದು ಸಲ ತುಟಿ ಅಲುಗಿತು. ತಮ್ಮನ ಹೆಸರು ಅಂದುಕೊಂಡಳೋ ಏನೋ.

ಆಮೇಲೆ ಹೇಳಿದಳು: "ಇವತ್ತು ಈ ಹಳದಿ ಬಟ್ಟಿ ಕೆಳಗ ಕತ್ತಿ ದಾಟಿದ್ರ, ನಾಳೆ ಇದರ ಕೆಳಗ ಬಿದ್ದವರು ದಾಟಾಂಗಿಲ್ಲ. ನನ್ನ ತಮ್ಮ ಒಬ್ಬ ಬರ್ತಾನ. ಮಂದಿ ತಮ್ಮಂದಿರು?"

ಹೀಗೆ ಅಂದವಳೇ ಹಗ್ಗ ಕೊಯ್ಯುವ ಕುಡುಗೋಲಿನಿಂದ ತನ್ನ ಹರಿಗೋಲಿನ ತೊಗಲನ್ನು ಈ ತುದಿಯಿಂದ ಆ ತುದಿಗೆ ಸೀಳಿಬಿಟ್ಟಳು. ತಂದೆಯ ಕಾಲದ ಹರಿಗೋಲು. ನೀರು ಒಳಗೆ ಬಂತು, ಹರಿಗೋಲು ಕೂತಿತು. ದಳವಾಯಿ ಕತ್ತಿಗೆ ಕೈ ಹಾಕಿದ. ಗಾದಿಲಿಂಗನಾಯಕ ಆಗ ಮುದುಕನಾಗಿದ್ದ. ನಡೆದು ಬಂದು ಅವಳ ಮುಂದೆ ನಿಂತು, ನನ್ನ ಮಗನ ಸುದ್ದಿ ತಂದ ಹೆಣ್ಣುಮಗಳು ಇವಳು ಅಂದ. ಕತ್ತಿಯ ಹತ್ತು ಜನರಲ್ಲಿ ನಾಲ್ವರು ಹಿಂದೆ ಆ ದಂಡೆಯ ಹಗೇವಿನಲ್ಲಿದ್ದು, ಆಮೇಲೆ ಬಿಡುಗಡೆಯಾಗಿ ಬಂದವರಂತೆ. ಅವರು ತಲೆ ತಗ್ಗಿಸಿ ಹಿಂದೆ ಸರಿದರು. ಉಳಿದವರೂ ಸರಿದರು. ದಳವಾಯಿ ಒಬ್ಬನೇ ಉಳಿದ, ಹೋದ.

ಎಲ್ಲರೂ ಹೋದ ಮೇಲೆ ಹುಲಿಗೆವ್ವ ಮಂಡಿಯುದ್ದದ ನೀರಿನಲ್ಲಿ ಕೂತು ಅತ್ತಳಂತೆ. ಊರವರು ಯಾರೂ ಹತ್ತಿರ ಹೋಗಲಿಲ್ಲ. ಹೋಗಿ ಏನು ಹೇಳುವುದು?

ಸುದ್ದಿ ಹೇಗೋ ಆ ದಂಡೆಗೆ ಮುಟ್ಟಿತು. ಹೊಳೆ ಏರುವ ಮುಂಚೆ ಅಲ್ಲಿಯವರು ಬಿದಿರು ತೇಲಿಬಿಟ್ಟರು, ಈ ದಂಡೆಯವರು ತೊಗಲು ಹದ ಮಾಡಿ ಕೊಟ್ಟರು, ಹೊಸ ಹರಿಗೋಲು ಆಯಿತು. ಆ ವರ್ಷ ಹಿರೇಗಡದವರು ಅವಳನ್ನು ಕೋಟೆಯೊಳಗೆ ಕರೆದೊಯ್ದು ಮೂಲೆ ಮೂಲೆ ತೋರಿಸಿದರಂತೆ. ಇನ್ನೊಂದು ಹಗೇವು ಇತ್ತು. ಅದರ ತುಂಬ ಜೋಳವಿತ್ತು.

ಅವಳ ತಲೆ ಪೂರ್ತಿ ಬೆಳ್ಳಗಾದ ಮೇಲೆ, ಬಡಗಣ ಸೀಮೆಯಿಂದ ಬಂದ ಒಬ್ಬ ಬಳೆಗಾರ ಹರಿಗೋಲು ಹತ್ತಿದ. ಎಂದಿನಂತೆ ಅವನನ್ನೂ ಕೇಳಿದಳು. ಹತ್ತು ದಿನದ ದಾರಿಯಾಚೆ ಒಂದು ಸಂತೆಯಲ್ಲಿ ತೊಗಲಿಗೆ ಎಣ್ಣೆ ಹಚ್ಚುವ ಒಬ್ಬ ಮುದುಕನಿದ್ದಾನೆ, ಹುಬ್ಬಿನ ಮೇಲೆ ಗೆರೆ ಇದೆ ಅಂದ. ಯಾವ ಹುಬ್ಬು ಅಂತ ಅವನಿಗೆ ನೆನಪಿರಲಿಲ್ಲ. ಹುಲಿಗೆವ್ವ ಹುಟ್ಟು ನಿಲ್ಲಿಸಿದಳು.

"ಹೆಸರು ಕೇಳಲಿಲ್ಲೇನೋ ಅಣ್ಣಾ?"

ಕೇಳಿರಲಿಲ್ಲ. ಅವಳು ಬಳೆಗಾರನನ್ನು ಬೈಯಲಿಲ್ಲ. ಅವನನ್ನು ದಂಡೆ ಮುಟ್ಟಿಸಿದಳು, ಹರಿಗೋಲನ್ನು ತಿರಕಪ್ಪನ ಮಗಳಿಗೆ ಒಪ್ಪಿಸಿದಳು, ಸೊಂಟಕ್ಕೆ ರೊಟ್ಟಿಯ ಗಂಟು ಕಟ್ಟಿಕೊಂಡು ಬಡಗಣ ದಾರಿ ಹಿಡಿದಳು. ದಿಬ್ಬ ಹತ್ತುವವರೆಗೂ ಜನ ನೋಡಿದರು. ಬಿರಬಿರನೆ ನಡೆಯುತ್ತಿದ್ದಳಂತೆ, ಹರೆಯದವಳ ಹಾಗೆ.

ತಿರುಗಿ ಬರಲಿಲ್ಲ. ತಮ್ಮ ಸಿಕ್ಕ, ಅಲ್ಲೇ ಉಳಿದಳು ಅಂತಾರೆ. ದಾರಿಯಲ್ಲೇ ತೀರಿಕೊಂಡಳು ಅಂತಾರೆ. ಊರೂರು ಕೇಳುತ್ತಾ ಮುಂದೆ ಹೋದಳು ಅಂತಲೂ ಅಂತಾರೆ. ಒಂದು ವರ್ಷ ಕಾದ ಮೇಲೆ ನೀರಗೊಂದಿಯವರು ತಡೆಯಲಾರದೆ ದಂಡೆಗೆ ಬಂದು, ಹುಲಿಗೆವ್ವ ಆ ಕಡೆ ಬಂದಳೇ ಅಂತ ಹೊಳೆಯಾಚೆಗೆ ಕೂಗಿದರು. ಬಂದಿಲ್ಲ, ಮುಂದಿನ ಊರಿಗೆ ಕೇಳುತ್ತೇವೆ ಅಂತ ಆಚೆಯಿಂದ ಕೂಗು ಬಂತು.

ಇವತ್ತಿಗೂ ಹೊಳೆ ಇಳಿದು ಗಡ್ಡೆ ಮೇಲೆದ್ದ ಮೊದಲ ಸೋಮವಾರ ಎರಡೂ ದಂಡೆಯವರು ನೀರಿನಂಚಿಗೆ ಬರುತ್ತಾರೆ. ಪೂಜೆ ಇಲ್ಲ, ಕಾಯಿ ಒಡೆಯುವುದಿಲ್ಲ. ಯಾರ ಮನೆಯವರು ಹೋಗಿ ಸುದ್ದಿ ಇಲ್ಲವೋ ಅವರು ಆ ಹೆಸರನ್ನು ಆಚೆಗೆ ಕೂಗುತ್ತಾರೆ. ಆಚೆಯವರು ಇದ್ದಾನೆ ಅನ್ನುವುದಿಲ್ಲ, ಇಲ್ಲ ಅನ್ನುವುದಿಲ್ಲ. ಗೊತ್ತಿಲ್ಲದ್ದನ್ನು ಹೇಳಬಾರದು. ಕೇಳಿಸಿಕೊಂಡ ಹೆಸರನ್ನು ತಪ್ಪಿಲ್ಲದೆ ತಿರುಗಿ ಕೂಗಬೇಕು, ಅಷ್ಟೇ.

ನನಗೆ ಇಪ್ಪತ್ತು ತುಂಬಿದ ವರ್ಷ ನಾನೂ ಹೋಗಿದ್ದೆ. ದಂಡಿಗೆ ಸೇರಿ ತಿರುಗಿ ಬಾರದ ನಮ್ಮಣ್ಣ ಸಣ್ಣಜಂಬಯ್ಯನ ಹೆಸರು ಕೂಗಿದೆ. ಗಾಳಿ ಇತ್ತು, ನನ್ನ ದನಿ ಒಡೆಯಿತು. ಆಚೆಯಿಂದ ಯಾರೋ ಒಬ್ಬ ಹೆಣ್ಣುಮಗಳು, ಅದಕ್ಕೆ ಮುಂಚೆಯೂ ಆಮೇಲೂ ನಾನು ನೋಡದವಳು, ಎರಡು ಕೈಯನ್ನೂ ಬಾಯಿಗೆ ಹಿಡಿದು "ಸಣ್ಣಜಂಬಯ್ಯಾ" ಅಂತ ಕೂಗಿದಳು. ಆಮೇಲೆ ಸುಮ್ಮನೆ ನಿಂತಳು. ತಾನು ಸರಿಯಾಗಿ ಅಂದೆನೋ ಇಲ್ಲವೋ ಅಂತ ನನ್ನ ಉತ್ತರಕ್ಕೆ ಕಾಯುತ್ತಾ.

ಹೌದು ಅಂತ ಕೈ ಎತ್ತಿದೆ.