ಓಲೆಯಲ್ಲಿ ಒಂದೇ ವಿಷಯ

ಪರೀಕ್ಷೆಯ ಫಲ ತಿಳಿದ ದಿನ ಬೊಪ್ಪಣ್ಣ ಊಟಕ್ಕೆ ಬರಲಿಲ್ಲ. ಹೊಳೆಯ ದಡದಲ್ಲಿ ಮುಖ ಸಪ್ಪೆ ಮಾಡಿಕೊಂಡು ಕೂತಿದ್ದ.

ವೈದ್ಯದಲ್ಲಿ ಅವನೇ ಮೊದಲಿಗ. ಗ್ರಂಥವನ್ನು ಗಿಳಿಯ ಹಾಗೆ ಒಪ್ಪಿಸಿದ್ದ. ಗಣಿತದಲ್ಲಿ ಅವನೇ ಕೊನೆಯವನು. ಐದು ಲೆಕ್ಕಗಳಲ್ಲಿ ಎರಡನೆಯದನ್ನು ಮೂರು ಬಗೆಯಲ್ಲಿ ಬಿಡಿಸಿ ನೋಡುವಷ್ಟರಲ್ಲಿ ಹೊತ್ತು ಮುಗಿದುಹೋಗಿತ್ತು. ಕೆಲವರಿಗೆ ಲೆಕ್ಕ ಬರುತ್ತದೆ, ಪರೀಕ್ಷೆ ಬರುವುದಿಲ್ಲ.

ಮೇಲಿನ ಓದಿಗೆ ಹೊಳೆಯಾಚೆಯ ವಿದ್ಯಾಪೀಠಕ್ಕೆ ಹೋಗಬೇಕು. ಅಲ್ಲಿ ಒಬ್ಬ ಶಿಷ್ಯನಿಗೆ ಒಂದೇ ವಿಷಯ. ಗುರುಗಳು ಓಲೆಯಲ್ಲಿ ಬರೆದುಕೊಟ್ಟ ಮೇಲೆ ಬದಲಿಸುವಂತಿಲ್ಲ. ದೋಣಿ ಅಂದೇ ಮಧ್ಯಾಹ್ನ ಹೊರಡುವುದಿತ್ತು.

ಗುರು ಅನಂತಯ್ಯನವರು ಓಲೆ ಮತ್ತು ಬರೆಯುವ ಕಂಟ ಹಿಡಿದು ಬಂದು ಪಕ್ಕದಲ್ಲಿ ಕೂತರು.

"ಏನು ಬರೆಯಲಿ?"

"ವೈದ್ಯ ಅಂತ ಬರೆಯಿರಿ, ಗುರುಗಳೇ."

"ಇಷ್ಟವೇನೋ?"

"ಅದರಲ್ಲಿ ಗೆದ್ದಿದ್ದೇನಲ್ಲ. ಗಣಿತದ ಹೆಸರೆತ್ತಿದರೆ ಎಲ್ಲರೂ ನಗುತ್ತಾರೆ. ನನಗೂ ನಾಚಿಕೆಯಾಗಿದೆ."

"ಸರಿ ಹಾಗಾದರೆ."

ಗುರುಗಳು ಓಲೆಯನ್ನು ಮಂಡಿಯ ಮೇಲಿಟ್ಟುಕೊಂಡರು. ಬರೆಯಲಿಲ್ಲ. ಹರಟೆಗೆ ತೊಡಗಿದರು.

"ಅಡುಗೆಯ ಸಂಕಣ್ಣನಿಗೆ ಪಿತ್ತ ಕೆರಳಿದೆಯಂತೆ. ಎದೆಯೆಲ್ಲ ಉರಿ. ಕಾಳುಮೆಣಸು ಕುಟ್ಟಿ ಖಾರವಾಗಿ ಕಷಾಯ ಮಾಡಿ ಕುಡಿಯಯ್ಯಾ ಎಂದೆ."

"ಹೂಂ," ಎಂದ ಬೊಪ್ಪಣ್ಣ, ನೀರನ್ನು ನೋಡುತ್ತ.

"ಮೂರು ಹೊತ್ತೂ ಕುಡಿ ಎಂದೆ."

"ಒಳ್ಳೆಯದು, ಗುರುಗಳೇ."

ಗುರುಗಳು ದಡದ ಮತ್ತಿಮರದ ಕಡೆ ಕೈ ತೋರಿಸಿದರು.

"ಬೆಳಿಗ್ಗೆ ಆ ಮರದ ಎತ್ತರ ಅಳೆದೆ. ಒಂದು ಮೊಳದ ಕೋಲು ನೆಟ್ಟೆ, ಅದರ ನೆರಳು ಎರಡು ಮೊಳ ಬಿತ್ತು. ಮರದ ನೆರಳು ನಲವತ್ತು ಮೊಳ. ಅಂದಮೇಲೆ ಮರ ಎಂಬತ್ತು ಮೊಳ."

"ಇಪ್ಪತ್ತು!"

"ಎಂಬತ್ತು. ನಾನೇ ಲೆಕ್ಕ ಹಾಕಿದ್ದು."

"ನೀವೇ ಹಾಕಿದ್ದಾದರೂ ಇಪ್ಪತ್ತೇ! ಕೋಲಿಗಿಂತ ನೆರಳು ಎರಡು ಪಟ್ಟು ಆದಾಗ ಮರ ತನ್ನ ನೆರಳಿನ ಅರ್ಧ ತಾನೇ ಇರಬೇಕು?" ಬೊಪ್ಪಣ್ಣ ಆಗಲೇ ಎದ್ದು ನಿಂತಿದ್ದ. "ಬನ್ನಿ, ಈಗಲೇ ಅಳೆದು ತೋರಿಸುತ್ತೇನೆ. ಎಲ್ಲಿ ಆ ಕೋಲು?"

ಗುರುಗಳು ಏಳಲಿಲ್ಲ. ಓಲೆಯ ಮೇಲೆ ಒಂದೇ ಪದ ಕೊರೆದು ಅವನ ಕೈಗಿತ್ತರು. ಗಣಿತ ಎಂದಿತ್ತು.

ಬೊಪ್ಪಣ್ಣ ಅದನ್ನು ನೋಡಿದ. ಗುರುಗಳನ್ನು ನೋಡಿದ. ಆಗ ಅವನಿಗೆ ಗುರುಗಳ ಮೊದಲಿನ ಮಾತು ತಲೆಗೆ ಹೋಯಿತು.

"ಗುರುಗಳೇ, ಪಿತ್ತಕ್ಕೆ ಮೆಣಸು ಕೊಡಬಾರದು! ಸಂಕಣ್ಣ ಕುಡಿದುಬಿಟ್ಟನೇ?"

"ಅವನಿಗೆ ಯಾವ ಪಿತ್ತವೂ ಇಲ್ಲ. ಕಲ್ಲುಗುಂಡಿನ ಹಾಗಿದ್ದಾನೆ. ಅನ್ನ ಆರಿಹೋಯಿತೆಂದು ನಿನ್ನನ್ನೇ ಬೈಯುತ್ತಿದ್ದಾನೆ."

ಅಂಬಿಗ ಕೂಗು ಹಾಕಿದ. ಬೊಪ್ಪಣ್ಣ ಓಲೆ ಹಿಡಿದುಕೊಂಡು ನಿಂತೇ ಇದ್ದ.

"ಅಲ್ಲಿಯೂ ಸೋತರೆ, ಗುರುಗಳೇ?"

"ಸೋತರೆ ಸೋಲು," ಎಂದರು ಅನಂತಯ್ಯನವರು. "ಲೆಕ್ಕ ತಪ್ಪಿದರೆ ಯಾರೂ ಸಾಯುವುದಿಲ್ಲ."