ದೊಡ್ಡ ಪಾಲು

ನದಿ ದಂಡೆಯ ಆ ಕ್ರೈಸ್ತ ಆಶ್ರಮದಲ್ಲಿ ಇನ್ನಾಸಪ್ಪ ಸ್ವಾಮಿಗಳಿಗೆ ಮರೆವು ಹತ್ತಿತ್ತು.

ಮೊದಲು ಊರುಗಳ ಹೆಸರು ಹೋಯಿತು, ಆಮೇಲೆ ಜನರ ಹೆಸರು. ಆ ಭಾನುವಾರ ಬಲಿಪೂಜೆಯ ನಡುವೆ, ದ್ರಾಕ್ಷಾರಸದ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದವರು, ಮುಂದಿನ ಮಾತು ತೋಚದೆ ಹಾಗೇ ನಿಂತುಬಿಟ್ಟರು.

ಕಡೆಯ ಊಟದಲ್ಲಿ ಕ್ರಿಸ್ತ ಆಡಿದ ಮಾತನ್ನು ಶಿಷ್ಯ ಚೌರಪ್ಪ ಮೆಲ್ಲಗೆ ಹೇಳಿಕೊಟ್ಟ: "ನನ್ನ ನೆನಪಿಗಾಗಿ ಇದನ್ನು ಮಾಡಿರಿ."

ಸ್ವಾಮಿಗಳು ಮಗುವಿನ ಹಾಗೆ ಅದನ್ನೇ ಹೇಳಿದರು. ಮುದುಕಿ ಜ್ಞಾನಮ್ಮನಿಗೆ ಎರಡು ಸಲ ಪರಮಪ್ರಸಾದದ ರೊಟ್ಟಿ ಕೊಟ್ಟರು. ಬಂದದ್ದನ್ನು ಬೇಡ ಅನ್ನಬಾರದೆಂದು ಆಕೆ ಎರಡು ಸಲವೂ ನಾಲಿಗೆ ಚಾಚಿದಳು.

ಚೌರಪ್ಪನಿಗೆ ನಗು ಬರಲಿಲ್ಲ. ಅವನು ಪಾದ್ರಿಗಳ ಗುರುಮಠದಲ್ಲಿ ಓದಿ, ಪರಮಪ್ರಸಾದದ ಮೇಲೆ ನೂರು ಪುಟ ಬರೆದವನು. ಪೂಜೆಯಲ್ಲಿ ರೊಟ್ಟಿಯ ಸತ್ವವೇ ಕ್ರಿಸ್ತನ ದೇಹವಾಗಿ ಬದಲಾಗುತ್ತದೆ ಎನ್ನುತ್ತಾರೆ ಹಳಬರು. ಬದಲಾಗುವುದು ಅದರ ಅರ್ಥ ಎನ್ನುತ್ತಾರೆ ಈಗಿನ ಕೆಲವರು. ಎಲ್ಲದರ ಬೇರು ನೆನಪು ಎಂದು ಚೌರಪ್ಪ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಸಾಧಿಸಿದ್ದ. ನೆನೆಯುವವರು ಇದ್ದಲ್ಲಿ ಕ್ರಿಸ್ತ ಇದ್ದಾನೆ.

ಹಾಗಾದರೆ ನೆನಪೇ ಇಲ್ಲದವರ ಪೂಜೆ?

ಸ್ವಾಮಿಗಳು ಇನ್ನೂ ಪೂಜೆ ನಡೆಸಬಲ್ಲರೇ ಎಂದು ಬಿಷಪ್ಪರು ಕೇಳಿ ಕಳಿಸಿದ್ದರು. ಮಧ್ಯಾಹ್ನ ಚೌರಪ್ಪ ಉತ್ತರ ಬರೆಯಲು ಕೂತ. ಗುರುವಿಗೇ ತಿರುಮಂತ್ರ ಹಾಕುವ ಪತ್ರ. ಅವನಿಗೆ ಅಳು ಬರುವಂತಾಗಿತ್ತು.

"ಏನು ಬರೀತಿದ್ದೀಯಪ್ಪಾ?" ಸ್ವಾಮಿಗಳು ಬಾಗಿಲಲ್ಲಿ ನಿಂತಿದ್ದರು.

ಸುಳ್ಳು ಬಾಯಿಗೆ ಬರಲಿಲ್ಲ. "ಇನ್ನು ನಿಮ್ಮ ಕೈಲಿ ಪೂಜೆ ಮಾಡಿಸಬಾರದು ಅಂತ, ಸ್ವಾಮಿ."

"ಯಾಕಂತೆ?"

"ನಿಮಗೆ ನೆನಪು ನಿಲ್ತಿಲ್ಲ. ನೆನಪಿಲ್ಲದೆ ಪ್ರಸಾದ ಎತ್ತಿದರೆ ಅದು ಬರೀ ರೊಟ್ಟಿ."

ಸ್ವಾಮಿಗಳು ತಲೆಯಾಡಿಸಿ ಅಡುಗೆಮನೆಗೆ ಹೋದರು. ತಿರುಗಿ ಬಂದಾಗ ಕೈಯಲ್ಲಿ ಬೆಳಗಿನದೊಂದು ರಾಗಿರೊಟ್ಟಿ ಇತ್ತು.

"ನೀನು ಉಂಡ ಹಾಗೆ ಕಾಣಲ್ಲ" ಎಂದು ಮುರಿದರು. ದೊಡ್ಡ ತುಂಡನ್ನು ಅವನ ಕೈಗಿಟ್ಟರು.

ಹದಿನಾರು ವರ್ಷದ ಹಿಂದೆ ಚೌರಪ್ಪ ಹಸಿದು ಈ ಬಾಗಿಲಿಗೆ ಬಂದ ದಿನವೂ ಹೀಗೇ ಮುರಿದಿದ್ದರು. ಅಂದಿನಿಂದ ಒಂದು ದಿನವೂ ಚಿಕ್ಕ ಪಾಲು ಅವನಿಗೆ ಬಂದದ್ದಿಲ್ಲ.

"ಸ್ವಾಮಿ, ನಾನು ಯಾರು ಅಂತ ಗೊತ್ತೇ?"

ಸ್ವಾಮಿಗಳು ಅವನ ಮುಖವನ್ನು ಬಹಳ ಹೊತ್ತು ನೋಡಿದರು. "ಗೊತ್ತಾಗ್ತಿಲ್ಲಪ್ಪಾ."

"ಮತ್ತೆ ದೊಡ್ಡದನ್ನ ನನಗೆ ಯಾಕೆ ಕೊಟ್ರಿ?"

"ಕೊಟ್ಟೆನೇ?" ಅವರು ತಮ್ಮ ಕೈಯನ್ನೇ, ಬೇರೆ ಯಾರದೋ ಎಂಬಂತೆ, ತಿರುಗಿಸಿ ನೋಡಿಕೊಂಡರು.

ನೂರು ಪುಟ ಬರೆದವನು ಆ ಕೈಯನ್ನು ಇವತ್ತಿನವರೆಗೂ ನೋಡಿಯೇ ಇರಲಿಲ್ಲ. ಪತ್ರವನ್ನು ಹರಿದು, ನೆಲಕ್ಕೆ ಕೂತು, ಗುರುಗಳ ಪಾದ ಮುಟ್ಟಿದ.

"ನಾಳೆಯಿಂದ ಪೂಜೇಲಿ ಪಕ್ಕದಲ್ಲೇ ನಿಲ್ತೀನಿ, ಸ್ವಾಮಿ. ಒಂದೊಂದೇ ಮಾತು ಹೇಳಿಕೊಡ್ತೀನಿ." ಆಮೇಲೆ ಹೆದರುತ್ತಾ ಕೇಳಿದ: "ಒಂದು ದಿನ ನಾನೂ ಕ್ರಿಸ್ತನನ್ನ ಮರೆತರೆ?"

ಸ್ವಾಮಿಗಳು ತಮ್ಮ ಚಿಕ್ಕ ತುಂಡನ್ನು ಅಗಿಯುತ್ತಾ ಹೇಳಿದರು:

"ಕಡೇ ಊಟದ ಆ ರಾತ್ರಿ ಅವನ ಕೈಯಿಂದ ರೊಟ್ಟಿ ತಿಂದವರು ಹನ್ನೆರಡು ಜನ. ಕೋಳಿ ಕೂಗೋದರೊಳಗೆ ಅಷ್ಟೂ ಜನ ಅವನನ್ನ ಮರೆತರು. ಅವನು ಯಾರನ್ನ ಮರೆತನಪ್ಪಾ?"