ಮುಚ್ಚದ ಟೊಪ್ಪಿಗೆ

ಧಾರವಾಡದ ಒಂದು ಓಣಿಯಲ್ಲಿ ವಿಮಲಾಬಾಯಿ ಎಂಬ ಶಿಕ್ಷಕಿ ಇಪ್ಪತ್ತೆರಡು ವರ್ಷಗಳಿಂದ ಹೆಂಗಸರಿಗೆ ಉಲನ್ ಹೆಣೆಯುವುದನ್ನು ಕಲಿಸುತ್ತಿದ್ದರು. ವಯಸ್ಸಾಗಿತ್ತು. ಬೆರಳ ಗಂಟುಗಳು ನೋಯುತ್ತಿದ್ದವು. ಅದೇ ಪಾಠ, ಅವೇ ಪ್ರಶ್ನೆಗಳು. ಹೇಳಿ ಹೇಳಿ ಅವರಿಗೆ ಸಾಕಾಗಿತ್ತು.

ಕೂಸಿನ ಟೊಪ್ಪಿಗೆ ಹೆಣೆಯುವ ಪಾಠ ಬಂತು. ಹದಿನಾಲ್ಕು ಜನರಿಗೂ ಹಾಳೆಯ ಮೇಲೆ ಕೈಯಿಂದಲೇ ಬರೆದುಕೊಡಬೇಕು. ಬೆರಳು ನೋಯುತ್ತವೆಂದು ಅವರು ಮಾತುಗಳನ್ನು ಮೊಟಕು ಮಾಡಿದರು. ಸೀದಾ ಹೆಣಿಗೆಗೆ 'ಸೀ', ಉಲ್ಟಾ ಹೆಣಿಗೆಗೆ 'ಉ'. ಕೊನೆಯ ಸಾಲುಗಳಲ್ಲಿ ಒಂದು ಹೊಸ ಅಕ್ಷರ ಇತ್ತು: 'ಸೀ 8, ಕೂ'.

ಹಾಳೆ ಪಡೆದವರಲ್ಲಿ ಸಾವಂತ್ರೆವ್ವ ಒಬ್ಬಳು. ಶಾಲೆಯಲ್ಲಿ ಬಿಸಿಯೂಟ ಬೇಯಿಸುವವಳು. ಮುನ್ನೂರು ಮಕ್ಕಳ ಪಾತ್ರೆ ತೊಳೆದು ನೇರ ತರಗತಿಗೆ ಬರುತ್ತಿದ್ದಳು. ಅವಳ ಮಗಳು ದಿನ ತುಂಬುವ ಒಂದು ತಿಂಗಳು ಮೊದಲೇ ಹೆತ್ತಿದ್ದಳು. ಕೂಸು ಅಂಗೈಯಷ್ಟಿತ್ತು. "ತಲಿ ಬೆಚ್ಚಗ ಇಡ್ರಿ, ಶನಿವಾರ ಮನಿಗೆ ಕಳಸ್ತೀವಿ" ಎಂದಿದ್ದರು ಡಾಕ್ಟರು. ತನ್ನ ಕೈಯಾರೆ ಹೆಣೆದ ಟೊಪ್ಪಿಗೆ ಹಾಕಿಕೊಂಡೇ ಮೊಮ್ಮಗ ಆಸ್ಪತ್ರೆಯಿಂದ ಹೊರಡಲಿ ಎಂಬುದು ಅಜ್ಜಿಯ ಆಸೆ.

'ಕೂ' ಅಂದರೇನು ಎಂದು ಕೇಳಲು ಸಾವಂತ್ರೆವ್ವ ಎದ್ದಳು. ಅಷ್ಟರಲ್ಲಿ ಮುಂದಿನ ಸಾಲಿನವಳು ಬೇರೇನೋ ಕೇಳಿದಳು. ವಿಮಲಾಬಾಯಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಎಲ್ಲಾ ಹಾಳ್ಯಾಗ ಬರದೀನಿ. ಸರಿಯಾಗಿ ನೋಡ್ಕೋರಿ" ಎಂದರು.

ಸಾವಂತ್ರೆವ್ವ ಮತ್ತೆ ಕುಳಿತಳು. ಕೂ ಅಂದರೆ ಕೂಡಿಸುವುದೇ ಇರಬೇಕು, ಸಾಲಿಯೊಳಗ ಲೆಕ್ಕ ಕಲಿತಿಲ್ಲೇನು ನಾನು ಎಂದುಕೊಂಡಳು. ಎಂಟು ಕುಣಿಕೆಗೊಮ್ಮೆ ಹೊಸದೊಂದು ಕುಣಿಕೆ ಕೂಡಿಸುತ್ತ ಹೋದಳು.

ಟೊಪ್ಪಿಗೆ ಮೇಲಕ್ಕೆ ಹೋದಂತೆ ಕಿರಿದಾಗಬೇಕು. ಇದು ಅಗಲವಾಗುತ್ತ ಹೋಯಿತು, ರೊಟ್ಟಿಬುಟ್ಟಿಯ ಬಾಯಿಯಂತೆ. ತನ್ನ ಎಣಿಕೆಯೇ ಎಲ್ಲೋ ತಪ್ಪಿದೆ ಎಂದು ಬಿಚ್ಚಿದಳು. ಮತ್ತೆ ಹೆಣೆದಳು. ಮತ್ತೆ ಅದೇ ಬುಟ್ಟಿ. ಮತ್ತೊಮ್ಮೆ ಬಿಚ್ಚಲೂ ಕೈಯಲ್ಲಿ ಶಕ್ತಿ ಇರಲಿಲ್ಲ. ಶನಿವಾರ ಬಂದೇಬಿಟ್ಟಿತು. ಕೂಸು ತಲೆಗೆ ಹಳೆಯ ಧೋತರದ ತುಂಡು ಸುತ್ತಿಕೊಂಡು ಮನೆಗೆ ಬಂತು. ಸಾವಂತ್ರೆವ್ವ ಮಗಳ ಮುಖ ನೋಡಲಿಲ್ಲ.

ಆ ದಿನ ಸಂಜೆ ಅವಳು ಹೆಣಿಗೆಯನ್ನು ಕಡ್ಡಿಯ ಸಮೇತ ಶಿಕ್ಷಕಿಯ ಮುಂದೆ ಇಟ್ಟಳು.

"ಅಕ್ಕೋರ, ಆರು ಸಂಜಿ ಹೆಣದ್ರೂ ಟೊಪ್ಪಿಗಿ ಮುಚ್ಚವಲ್ದು."

ವಿಮಲಾಬಾಯಿ ಅದನ್ನು ತಿರುಗಿಸಿ ನೋಡಿದರು. "ಕೂ ಅಂದ್ರ ಏನಂತ ತಿಳದಿ?"

"ಕೂಡಸೂದ್ರಿ. ಒಂದಕ್ಕ ಒಂದು ಕೂಡಿಸಿದ್ರ ಎರಡಾಗಬೇಕಲ್ರಿ?"

"ಅಯ್ಯ ನಮ್ಮವ್ವ! ಎರಡು ಕುಣಿಕಿ ಕೂಡಿಸಿ ಒಂದು ಮಾಡೂದು ಅದು. ಹಂಗ ಮಾಡಿದ್ರನ ಟೊಪ್ಪಿಗಿ ಸಣ್ಣ ಆಗ್ಕೋತ ಬಂದು ಮುಚ್ಚತೈತಿ. ಮೊದಲ ಯಾಕ ಕೇಳಲಿಲ್ಲ?"

"ನಿಮಗ ಸಾಕಾಗಿತ್ತಲ್ರಿ. ಕೇಳಾಕ ನನಗೂ ಧೈರ್ಯ ಸಾಲಲಿಲ್ಲ."

ವಿಮಲಾಬಾಯಿ ತಾವು ಬರೆದ ಹಾಳೆಯನ್ನು ತೆಗೆದು ನೋಡಿದರು. ತಾನು ಉಳಿಸಿದ್ದು ಒಂದು ಹಾಳೆಯಲ್ಲಿ ನಾಲ್ಕು ಅಕ್ಷರ. ಈ ಹೆಂಗಸು ಕಳೆದುಕೊಂಡದ್ದು ಆರು ಸಂಜೆ.

ಅವರು ಅವಳನ್ನು ಹತ್ತಿರ ಕೂರಿಸಿಕೊಂಡು, ಅಗಲವಾದ ಸಾಲುಗಳನ್ನು ತಾವೇ ಬಿಚ್ಚಿದರು. ಎರಡು ಕುಣಿಕೆಯೊಳಗೆ ಒಂದೇ ಸಲ ಕಡ್ಡಿ ಹಾಕಿ ತೋರಿಸಿದರು. ಸಾವಂತ್ರೆವ್ವ ಹೆಣೆದಳು. ಸಾಲಿನಿಂದ ಸಾಲಿಗೆ ಟೊಪ್ಪಿಗೆ ಕಿರಿದಾಗುತ್ತ ಬಂದು ಮುಚ್ಚಿಕೊಂಡಿತು. ಮರುದಿನ ಕೂಸಿಗೆ ಹಾಕಿದರೆ ಹುಬ್ಬಿನ ತನಕ ಇಳಿಯಿತು. "ಬೆಚ್ಚಗ ಐತೆವ್ವ" ಎಂದಳು ಮಗಳು, ಅಷ್ಟೇ.

ಆ ವಾರವೆಲ್ಲ ವಿಮಲಾಬಾಯಿ ಹದಿನಾಲ್ಕು ಹಾಳೆಗಳನ್ನೂ ಮತ್ತೆ ಬರೆದರು. ಮೇಲ್ಗಡೆ ಪ್ರತಿಯೊಂದು ಮೊಟಕು ಅಕ್ಷರದ ಪೂರ್ತಿ ಅರ್ಥ ಬರೆದರು. ಬೆರಳು ನೋಯುತ್ತಲೇ ಇದ್ದವು. ಮುಂದಿನ ತರಗತಿಯಲ್ಲಿ ಹಾಳೆ ಹಂಚಿ, "ತಿಳೀಲಾರದ್ದು ಯಾವುದೈತಿ, ಹೇಳ್ರಿ" ಎಂದು ಕೇಳಿದರು. ಕೇಳಿ ಸುಮ್ಮನಾಗಲಿಲ್ಲ, ಉತ್ತರ ಬರುವ ತನಕ ಕಾದರು. ಹಿಂದಿನ ಸಾಲಿನಲ್ಲಿ ಒಂದು ಕೈ ಮೇಲೆದ್ದಿತು.

ನೀತಿ: ಬಲ್ಲವರಿಗೆ ಒಂದಕ್ಷರ ಸಾಕು, ಕಲಿಯುವವರಿಗೆ ಪೂರ್ತಿ ಮಾತೇ ಬೇಕು. ತಿಳಿಯದಿದ್ದರೆ ಊಹಿಸಬೇಡಿ, ಕೇಳಿ. ನಿಮ್ಮನ್ನು ಕೇಳಿದರೆ, ಎಷ್ಟೇ ದಣಿದಿದ್ದರೂ ಬಿಡಿಸಿ ಹೇಳಿ.